‘ಹೆಕ್ಟರ್’ ಹಡಗು, 1773: ಪಿಕ್ಟೋ ತೀರದಲ್ಲಿ ಮುರಿದುಬಿದ್ದ ಕರಾರು

ಕಡಲಂಚು

ಸ್ಕಾಟ್ಲೆಂಡಿನ ಹೈಲ್ಯಾಂಡ್ ಸೀಮೆಯಿಂದ ಇಂದಿನ ಕೆನಡಾದ ನೋವಾ ಸ್ಕೋಷಿಯಕ್ಕೆ 1773ರಲ್ಲಿ ವಲಸಿಗರನ್ನು ಹೊತ್ತೊಯ್ದ ‘ಹೆಕ್ಟರ್’ ಎಂಬ ಹಡಗಿನ ಬಗ್ಗೆ ಇಲ್ಲಿ ಸ್ವಲ್ಪ ವಿವರವಾಗಿ ಚರ್ಚಿಸಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಈ ಹಡಗಿನ ಕಥೆಯನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಹೇಳುತ್ತಾರೆ. ಜಮೀನುದಾರರು ಹೊರದಬ್ಬಿದ ನಿರ್ಗತಿಕರ ಕಣ್ಣೀರಿನ ಕಥೆ ಎಂಬುದು ಒಂದು. ಕಾಡು ಕಡಿದು ನಾಡು ಕಟ್ಟಿದ ಸಾಹಸಿಗಳ ಕಥೆ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಎರಡೂ ಸೇರಿಕೊಂಡು ಒಂದು ಮುಖ್ಯ ಸಂಗತಿಯನ್ನು ಮರೆಗೆ ಸರಿಸಿವೆ ಎಂಬುದು ನನ್ನ ಅಭಿಪ್ರಾಯ. ಇದು ಮೊದಲಿಗೆ ಒಂದು ಕರಾರಿನ ಕಥೆ. ಕೊಡಲಾಗದ ಭೂಮಿಯನ್ನು ಕೊಡುತ್ತೇವೆಂದು ಹೇಳಿದ ಕಂಪನಿಯೊಂದು, ಆ ಮಾತನ್ನು ನಂಬಿ ಸಮುದ್ರ ದಾಟಿದ ಗೇಣಿದಾರರು, ಮಾತು ತಪ್ಪಿದಾಗ ಅವರು ತೋರಿದ ಪ್ರತಿಭಟನೆ, ಇವೇ ಅದರ ತಿರುಳು.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ನೋವಾ ಸ್ಕೋಷಿಯದ ಉತ್ತರ ತೀರದಲ್ಲಿ ಸುಮಾರು 2,00,000 ಎಕರೆ ಭೂಮಿಯನ್ನು ಅಲ್ಲಿನ ವಸಾಹತು ಸರ್ಕಾರ 1765ರಲ್ಲಿ ‘ಫಿಲಡೆಲ್ಫಿಯ ಕಂಪನಿ’ ಎಂಬ ಹೆಸರಿನ ಬಂಡವಾಳಗಾರರ ಗುಂಪಿಗೆ ದಾನಪತ್ರದ ಮೂಲಕ ವಹಿಸಿತು. ಅಂಥ ದಾನಗಳಿಗೆ ಒಂದು ಷರತ್ತಿರುತ್ತಿತ್ತು: ಗೊತ್ತುಪಡಿಸಿದ ಅವಧಿಯೊಳಗೆ ಪ್ರಾಟೆಸ್ಟೆಂಟ್ ನಿವಾಸಿಗಳನ್ನು ಕರೆತಂದು ನೆಲೆಗೊಳಿಸದಿದ್ದರೆ ಸರ್ಕಾರ ಭೂಮಿಯನ್ನು ಹಿಂದಕ್ಕೆ ಪಡೆಯಬಹುದಾಗಿತ್ತು. ಅಂದರೆ ಕಂಪನಿಗೆ ಜನ ಬೇಕಾಗಿತ್ತು, ಅದೂ ಬೇಗ ಬೇಕಾಗಿತ್ತು. 1767ರಲ್ಲಿ ‘ಬೆಟ್ಸಿ’ ಎಂಬ ಸಣ್ಣ ಹಡಗಿನಲ್ಲಿ ಆರು ಕುಟುಂಬಗಳು ಪೆನ್ಸಿಲ್ವೇನಿಯ ಮತ್ತು ಮೇರಿಲ್ಯಾಂಡ್ ಕಡೆಯಿಂದ ಆ ತೀರದ ಪಿಕ್ಟೋ ಎಂಬ ಬಂದರಿಗೆ ಬಂದವು. ಆ ಬಳಿಕ ಬಂದವರು ಬೆರಳೆಣಿಕೆಯಷ್ಟು. ಆಗ ಸ್ಕಾಟ್ಲೆಂಡಿನ ಗ್ಲಾಸ್ಗೋ ಮತ್ತು ಗ್ರೀನಕ್‌ನಲ್ಲಿ ವ್ಯಾಪಾರ ನಡೆಸುತ್ತಿದ್ದ ಜಾನ್ ಪೇಗನ್ ಹಾಗೂ ಇಂದಿನ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವಾಗಿ ಬೆಳೆದ ನ್ಯೂಜೆರ್ಸಿಯ ಕಾಲೇಜಿನ ಅಧ್ಯಕ್ಷರಾಗಿದ್ದ ಪಾದ್ರಿ ಜಾನ್ ವಿದರ್‌ಸ್ಪೂನ್ ಆ ಭೂಮಿಯಲ್ಲಿ ಪಾಲು ಕೊಂಡು, ಸ್ಕಾಟ್ಲೆಂಡಿನಿಂದಲೇ ಜನರನ್ನು ಸಾಗಿಸಲು ಮುಂದಾದರು. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಈ ವಿದರ್‌ಸ್ಪೂನ್ ಕೂಡ ಒಬ್ಬರು.

ಜನರನ್ನು ಒಟ್ಟುಗೂಡಿಸುವ ಕೆಲಸ ಜಾನ್ ರಾಸ್ ಎಂಬ ಏಜೆಂಟನದು. ಅವನು ಹೈಲ್ಯಾಂಡಿನಲ್ಲಿ ಊರೂರು ತಿರುಗಿ ಕೊಟ್ಟ ಭರವಸೆ ಮೂರು: ಉಚಿತ ಪ್ರಯಾಣ, ಒಂದು ಸಾಗುವಳಿ ಜಮೀನು, ಮೊದಲ ವರ್ಷಕ್ಕೆ ಬೇಕಾಗುವಷ್ಟು ದವಸಧಾನ್ಯ. ಗ್ರೀನಕ್‌ನಲ್ಲಿ ಕೆಲವರನ್ನು ಹತ್ತಿಸಿಕೊಂಡ ಹಡಗು ವಾಯವ್ಯ ಕರಾವಳಿಯ ಲಾಖ್ ಬ್ರೂಮ್ ಎಂಬ ಕಡಲ ಚಾಚಿಗೆ ಬಂದು, ಅಲ್ಲಿ ಬಹುಪಾಲು ಜನರನ್ನು ತುಂಬಿಕೊಂಡು, ಜುಲೈ ಆರಂಭದಲ್ಲಿ ಹೊರಟಿತು. ಒಟ್ಟು ಪ್ರಯಾಣಿಕರು ಸುಮಾರು 190 ಮಂದಿ. ಸೆಪ್ಟೆಂಬರ್ 15ರಂದು ಅದು ಪಿಕ್ಟೋ ಬಂದರಿನಲ್ಲಿ ಲಂಗರು ಹಾಕುವ ಹೊತ್ತಿಗೆ 18 ಮಕ್ಕಳು ಸತ್ತಿದ್ದರು.

ಇನ್ನುಳಿದದ್ದನ್ನು ನಿಮ್ಮೆಲ್ಲರ ಮಾತು ಕೇಳುತ್ತಾ ಮುಂದುವರಿಸುತ್ತೇನೆ.

ಹಳೆಯ ಕಡತ

ವಿಷಯವನ್ನು ಎತ್ತಿದ್ದಕ್ಕೆ ಸಂತೋಷ. ಹಲವು ವರ್ಷ ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಪಾಠ ಮಾಡಿದವಳಾಗಿ ನನಗೆ ಒಂದು ಪ್ರಶ್ನೆ ಇದೆ. ಹೈಲ್ಯಾಂಡಿನ ಜಮೀನುದಾರರು ಕುರಿ ಸಾಕಣೆಗಾಗಿ ಗೇಣಿದಾರರನ್ನು ಒಕ್ಕಲೆಬ್ಬಿಸಿದ ಪ್ರಕರಣಗಳು ಎಲ್ಲರಿಗೂ ತಿಳಿದಿವೆ. ‘ಹೆಕ್ಟರ್’ ಹತ್ತಿದವರು ಆ ಒಕ್ಕಲೆಬ್ಬಿಸುವಿಕೆಯ ಬಲಿಪಶುಗಳೆಂದು ಅನೇಕ ಕಡೆ ಬರೆದಿರುವುದನ್ನು ಓದಿದ್ದೇನೆ. ಹಾಗಿರುವಾಗ ಕರಾರಿನ ಮಾತನ್ನು ಮುಂದಿಡುವುದರಿಂದ, ಅವರೇನೋ ಲಾಭನಷ್ಟ ಲೆಕ್ಕಹಾಕಿ ಆರಾಮವಾಗಿ ಹೊರಟರು ಎಂಬ ಭಾವನೆ ಬರುವುದಿಲ್ಲವೇ? ಬಡವನ ಒಪ್ಪಿಗೆಯನ್ನು ನಿಜವಾದ ಒಪ್ಪಿಗೆ ಎಂದು ಕರೆಯುವಾಗ ಇತಿಹಾಸದ ವಿದ್ಯಾರ್ಥಿ ಎಚ್ಚರವಾಗಿರಬೇಕು.

ಕಡಲಂಚು

ಮೇಡಂ, ನಿಮ್ಮ ಎಚ್ಚರಿಕೆಯನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಇಸವಿಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಹೈಲ್ಯಾಂಡಿನ ರಾಸ್ ಎಂಬ ಸೀಮೆಯ ಜನ ಕುರಿಹಿಂಡುಗಳ ವಿರುದ್ಧ ದಂಗೆಯೆದ್ದ, ‘ಕುರಿಗಳ ವರ್ಷ’ ಎಂದೇ ಹೆಸರಾದ ವರ್ಷ 1792. ಸದರ್ಲೆಂಡಿನಲ್ಲಿ ಮನೆಗಳಿಗೆ ಬೆಂಕಿ ಇಟ್ಟು ಜನರನ್ನು ಹೊರಹಾಕಿದ ಕುಖ್ಯಾತ ಘಟನೆಗಳು ನಡೆದದ್ದು 19ನೇ ಶತಮಾನದ ಎರಡನೆಯ ದಶಕದಲ್ಲಿ. ‘ಹೆಕ್ಟರ್’ ಇವೆಲ್ಲಕ್ಕಿಂತ ಮುಂಚಿನದು. 1773ರ ಹೊತ್ತಿಗೆ ಜನರನ್ನು ಕಿತ್ತು ತಿನ್ನುತ್ತಿದ್ದದ್ದು ಗೇಣಿ.

ಪದಚ್ಯುತ ಸ್ಟುವರ್ಟ್ ರಾಜಮನೆತನದ ಪರವಾಗಿ 1745ರಲ್ಲಿ ಬಂಡಾಯವೆದ್ದ ಜಾಕಬೈಟರು 1746ರಲ್ಲಿ ಕಲ್ಲೋಡನ್ ಕದನದಲ್ಲಿ ಸೋತ ಮೇಲೆ ಕುಲದ ಮುಖಂಡರ ಸೈನಿಕ ಅಧಿಕಾರವನ್ನೂ ನ್ಯಾಯಾಧಿಕಾರವನ್ನೂ ಲಂಡನ್ ಸರ್ಕಾರ ಕಿತ್ತುಕೊಂಡಿತು. ಅಲ್ಲಿಯವರೆಗೆ ಮುಖಂಡನಿಗೆ ತನ್ನ ನೆಲದ ಮೇಲೆ ಎಷ್ಟು ಗಂಡಾಳುಗಳಿದ್ದಾರೆ ಎಂಬುದು ಮುಖ್ಯವಾಗಿತ್ತು. ಆ ಮೇಲೆ ನೆಲದಿಂದ ಎಷ್ಟು ಹಣ ಬರುತ್ತದೆ ಎಂಬುದು ಮುಖ್ಯವಾಯಿತು. ಗೇಣಿ ಏರುತ್ತಾ ಹೋಯಿತು. ಆ ಗೇಣಿಯನ್ನು ಹೈಲ್ಯಾಂಡಿನ ರೈತ ಕಟ್ಟುತ್ತಿದ್ದದ್ದು ಕಪ್ಪು ದನಗಳನ್ನು ದಕ್ಷಿಣದ ಸಂತೆಗಳಿಗೆ ಮಾರಿ ಬಂದ ಹಣದಿಂದ. 1771–72ರ ಚಳಿಗಾಲ ಅತಿ ಕ್ರೂರವಾಗಿ, ಮೇವಿಲ್ಲದೆ ದನಗಳು ಸತ್ತವು. 1772ರ ಜೂನ್‌ನಲ್ಲಿ ಏರ್ ಬ್ಯಾಂಕ್ ಎಂದು ಕರೆಯಲಾಗುತ್ತಿದ್ದ ಡಗ್ಲಸ್, ಹೆರನ್ ಕಂಪನಿ ಕುಸಿದು ಸ್ಕಾಟ್ಲೆಂಡಿನ ಉದ್ದಗಲಕ್ಕೂ ಹಣದ ಮುಗ್ಗಟ್ಟು ತಲೆದೋರಿತು, ದನಗಳ ಬೆಲೆಯೂ ಇಳಿಯಿತು. ಸಾಲ, ಸತ್ತ ದನ, ಇಳಿಯದ ಗೇಣಿ ಮೂರೂ ಒಟ್ಟಿಗೆ ಬಂದ ವರ್ಷದ ಮರುವರ್ಷವೇ ಜಾನ್ ರಾಸ್ ಊರಿಗೆ ಬಂದನೆಂಬುದನ್ನು ಗಮನಿಸಬೇಕು.

ಇದಕ್ಕೆ ಆ ಕಾಲದ್ದೇ ಸಾಕ್ಷ್ಯವಿದೆ. ಅದೇ 1773ರಲ್ಲಿ ‘ಬ್ಯಾಚಲರ್’ ಎಂಬ ಇನ್ನೊಂದು ಹಡಗು ಉತ್ತರ ಕ್ಯಾರೊಲೈನಕ್ಕೆ ಹೊರಟು, ಬಿರುಗಾಳಿಗೆ ಸಿಕ್ಕಿ ಶೆಟ್‌ಲೆಂಡಿನಲ್ಲಿ ಸಿಲುಕಿಕೊಂಡಿತು. ಸುಂಕದ ಅಧಿಕಾರಿಗಳು 1774ರಲ್ಲಿ ಅದರ ಪ್ರಯಾಣಿಕರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಕಾರಣಗಳನ್ನು ಬರೆದುಕೊಂಡರು. ಏರಿದ ಗೇಣಿ, ಸತ್ತ ದನಗಳು, ದುಬಾರಿಯಾದ ದವಸ, ಮೊದಲೇ ಹೋಗಿದ್ದ ಬಂಧುಗಳ ಕಾಗದಗಳು, ಈ ಕಾರಣಗಳೇ ಅಲ್ಲಿ ಮತ್ತೆಮತ್ತೆ ಬರುತ್ತವೆ. ಅವರಿಗೆ ಆಯ್ಕೆ ಕಿರಿದಾಗಿತ್ತು, ಆದರೂ ಆಯ್ಕೆ ಇತ್ತು. ಅದನ್ನು ಅವರು ವಿವರಿಸಿ ಹೇಳಬಲ್ಲವರಾಗಿದ್ದರು. ಬಲಿಪಶು ಎಂಬ ಪಟ್ಟ ಕಟ್ಟಿದ ಕೂಡಲೇ ಅವರ ಈ ಲೆಕ್ಕಾಚಾರವನ್ನು ನಾವು ಅವರಿಂದ ಕಸಿದುಕೊಂಡಂತಾಗುತ್ತದೆ.

ಹಳೆಯ ಕಡತ

ಸುಂಕದ ಅಧಿಕಾರಿಗಳ ದಾಖಲೆಯ ಉಲ್ಲೇಖ ಬಹಳ ಉಪಯುಕ್ತವಾಗಿದೆ. ಇದೇ ಹೊತ್ತಿನ ಇನ್ನೊಂದು ಸಾಕ್ಷ್ಯವನ್ನು ನಾನು ಸೇರಿಸುತ್ತೇನೆ. 1773ರ ಶರತ್ಕಾಲದಲ್ಲಿ ಹೈಲ್ಯಾಂಡಿನ ಪಶ್ಚಿಮಕ್ಕಿರುವ ಸ್ಕೈ ದ್ವೀಪದಲ್ಲಿದ್ದ ಲೇಖಕ ಜೇಮ್ಸ್ ಬಾಸ್ವೆಲ್, ಅಲ್ಲಿನ ಜನ ‘ಅಮೆರಿಕ’ ಎಂಬ ಹೆಸರಿನ ಕುಣಿತವೊಂದನ್ನು ಕುಣಿಯುತ್ತಿದ್ದುದನ್ನು ದಾಖಲಿಸಿದ್ದಾನೆ. ಒಂದು ಜೋಡಿ ಶುರುಮಾಡಿದರೆ ಇನ್ನೊಂದು, ಮತ್ತೊಂದು ಎಂದು ಕೊನೆಗೆ ಎಲ್ಲರೂ ಸುತ್ತಿನೊಳಗೆ ಎಳೆಯಲ್ಪಡುವ ಕುಣಿತ ಅದು. ಒಂದು ಕುಟುಂಬ ಹೊರಟರೆ ನೆರೆಹೊರೆ ಹೇಗೆ ಹಿಂದೆಯೇ ಹೊರಡುತ್ತಿತ್ತು ಎಂಬುದನ್ನು ಅದು ತೋರಿಸುತ್ತದೆ. ಅವನು ಇದನ್ನು ಬರೆಯುವಾಗ ‘ಹೆಕ್ಟರ್’ ಪಿಕ್ಟೋ ಮುಟ್ಟಿ ಮೂರು ವಾರವೂ ಆಗಿರಲಿಲ್ಲ.

ಮಂಗಳೂರು ನಾವಿಕ

ವಾಣಿಜ್ಯ ಹಡಗುಗಳಲ್ಲಿ ಬಹುಕಾಲ ಕೆಲಸ ಮಾಡಿದವನಾದ್ದರಿಂದ ಹಡಗಿನ ಬಗ್ಗೆ ಒಂದೆರಡು ಮಾತು ಬರೆಯುತ್ತೇನೆ. ‘ಹೆಕ್ಟರ್’ ಡಚ್ಚರು ಕಟ್ಟಿದ ಫ್ಲೈಟ್ ಮಾದರಿಯ ಸರಕು ಹಡಗು. ಸುಮಾರು 200 ಟನ್ನಿನದು, ಉದ್ದ ಸುಮಾರು 85 ಅಡಿ, ಅಗಲ ಸುಮಾರು 22 ಅಡಿ. ದುಂಡನೆಯ ಹೊಟ್ಟೆ, ಕಡಿಮೆ ಸಿಬ್ಬಂದಿ, ಹೆಚ್ಚು ಸರಕು, ಇದು ಆ ಮಾದರಿಯ ಉದ್ದೇಶ. ಮರದ ದಿಮ್ಮಿಗೂ ಧಾನ್ಯಕ್ಕೂ ಅದು ಹೇಳಿ ಮಾಡಿಸಿದ ಹಡಗು. ಮನುಷ್ಯರಿಗೆ ಅಲ್ಲ. 85 ಅಡಿ ಉದ್ದದ ಒಡಲಿನಲ್ಲಿ ಸಿಬ್ಬಂದಿಯನ್ನು ಬಿಟ್ಟು ಸುಮಾರು 190 ಜನ, ಅವರ ಗಂಟುಮೂಟೆ, ಎರಡೂವರೆ ತಿಂಗಳ ನೀರು, ಆಹಾರ ಎಲ್ಲವೂ ಇದ್ದವು ಎಂದರೆ, ಕೆಳಗಿನ ಡೆಕ್ಕಿನಲ್ಲಿ ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ ತಾಗುತ್ತಿತ್ತು ಎಂದೇ ಅರ್ಥ. ಅದರ ಪಕ್ಕದ ಹಲಗೆಗಳು ಎಷ್ಟು ಲಡ್ಡಾಗಿದ್ದವೆಂದರೆ ಪ್ರಯಾಣಿಕರು ಬೆರಳಿನಿಂದಲೇ ಮರವನ್ನು ಕೆರೆದು ತೆಗೆಯಬಹುದಾಗಿತ್ತು ಎಂಬ ನೆನಪು ವಲಸಿಗರ ಕುಟುಂಬಗಳಲ್ಲಿ ಉಳಿದುಬಂದಿದೆ.

ಇಂಥ ಜಾಗದಲ್ಲಿ ಸಿಡುಬು ಮತ್ತು ಆಮಶಂಕೆ ಹೊಕ್ಕರೆ ಏನಾಗುತ್ತದೆ ಎಂಬುದಕ್ಕೆ ಆ 18 ಮಕ್ಕಳ ಸಾವು ಉತ್ತರ. ಜೆನ್ನರ್ ಗೋಸಿಡುಬಿನ ಚುಚ್ಚುಮದ್ದನ್ನು ಪ್ರಯೋಗಿಸಿದ್ದು 1796ರಲ್ಲಿ, ಅಂದರೆ ಇನ್ನೂ 23 ವರ್ಷ ಮುಂದೆ. ಸಿಡುಬು ಬಂದ ಮಗುವನ್ನು ಬೇರೆಯಿಡಲು ಹಡಗಿನಲ್ಲಿ ಬೇರೆ ಜಾಗವೇ ಇರಲಿಲ್ಲ. ಸತ್ತವರನ್ನು ಸಮುದ್ರಕ್ಕೇ ಒಪ್ಪಿಸಬೇಕಾಗಿತ್ತು.

ನ್ಯೂಫೌಂಡ್‌ಲೆಂಡ್ ಹತ್ತಿರವಾಗುತ್ತಿರುವಾಗ ಬಿರುಗಾಳಿ ಎದುರಾಗಿ ಹಡಗನ್ನು ಹಿಂದಕ್ಕೆ ತಳ್ಳಿತು. ಕಳೆದುಕೊಂಡ ದೂರವನ್ನು ಮತ್ತೆ ಕ್ರಮಿಸಲು ಸುಮಾರು ಎರಡು ವಾರ ಹಿಡಿಯಿತು. ಹಾಯಿಹಡಗಿಗೆ ಎದುರುಗಾಳಿ ಎಂದರೆ ವಿಳಂಬ ಮಾತ್ರವಲ್ಲ, ಪೀಪಾಯಿಯಲ್ಲಿ ಉಳಿದ ನೀರಿನ ಲೆಕ್ಕ. ಉಪ್ಪು ಹಾಕಿದ ಮಾಂಸ ತಿಂದವರಿಗೆ ನೀರು ಹೆಚ್ಚು ಬೇಕು, ನೀರೇ ಕಡಿಮೆಯಾದರೆ ಆ ಮಾಂಸವನ್ನು ತಿನ್ನಲಾಗುವುದಿಲ್ಲ. ಓಟ್ಸ್ ರೊಟ್ಟಿಗೆ ಬೂಷ್ಟು ಹಿಡಿದು, ಮೊದಲ ವಾರಗಳಲ್ಲಿ ಜನ ಅದನ್ನು ಎಸೆಯುತ್ತಿದ್ದರಂತೆ. ಎಸೆದ ಚೂರುಗಳನ್ನು ಪ್ರಯಾಣಿಕನೊಬ್ಬ ಹೆಕ್ಕಿ ಚೀಲದಲ್ಲಿ ಕೂಡಿಟ್ಟಿದ್ದನೆಂದೂ, ಕೊನೆಯ ದಿನಗಳಲ್ಲಿ ಎಲ್ಲರೂ ಅದನ್ನೇ ಹಂಚಿಕೊಂಡು ತಿಂದರೆಂದೂ ಹೇಳಿಕೆ ಇದೆ. ಕಡಲಿನ ಮೇಲೆ ಆಹಾರ ಮುಗಿಯುವ ಭಯವನ್ನು ಬಲ್ಲ ಯಾರಿಗೂ ಇದು ಕಟ್ಟುಕಥೆ ಎನಿಸಲಾರದು.

ಪ್ರಯಾಣದ ಹಕ್ಕಿಲ್ಲದೆ ಹತ್ತಿದ್ದ ಬ್ಯಾಗ್‌ಪೈಪ್ ವಾದಕನೊಬ್ಬನನ್ನು ಹಡಗಿನ ಯಜಮಾನ ಇಳಿಸಲು ಹೊರಟಾಗ, ತಮ್ಮ ಪಾಲಿನ ಆಹಾರದಲ್ಲೇ ಅವನಿಗೂ ಕೊಡುತ್ತೇವೆಂದು ಉಳಿದವರು ಬೇಡಿಕೊಂಡು ಅವನನ್ನು ಉಳಿಸಿಕೊಂಡರೆಂಬುದೂ ಇದೇ ನೆನಪುಗಳ ಸಾಲಿಗೆ ಸೇರಿದೆ. ಮುಂದೆ ಆಹಾರಕ್ಕೆ ಬಂದ ಗತಿಯನ್ನು ನೆನೆದಾಗ ಆ ಮಾತಿನ ಬೆಲೆ ಎಷ್ಟಿತ್ತೆಂದು ತಿಳಿಯುತ್ತದೆ.

ಹೊಸ ಓದುಗ

ಹಡಗು ಹೊರಟದ್ದು ಉಲ್ಲಾಪೂಲ್ ಪಟ್ಟಣದಿಂದ ಎಂದು ಕೆಲವು ಕಡೆ ಓದಿದ್ದೆ. ಲಾಖ್ ಬ್ರೂಮ್ ಎಂದರೆ ಅದೇ ಊರೇ? ಮತ್ತು ಈ ಚಿಕ್ಕಚಿಕ್ಕ ವಿವರಗಳೆಲ್ಲ ಎಲ್ಲಿಂದ ದೊರೆತವು ಎಂದು ಯಾರಾದರೂ ದಯವಿಟ್ಟು ತಿಳಿಸುವಿರಾ?

ಕಡಲಂಚು

ಲಾಖ್ ಬ್ರೂಮ್ ಎಂಬುದು ಕಡಲು ಒಳನಾಡಿಗೆ ಚಾಚಿಕೊಂಡ ಜಾಗ. ಅದರ ದಡದಲ್ಲಿರುವ ಉಲ್ಲಾಪೂಲ್ ಪಟ್ಟಣವನ್ನು ಬ್ರಿಟಿಷ್ ಮೀನುಗಾರಿಕೆ ಸಂಘ ಹೆರಿಂಗ್ ಮೀನಿನ ಉದ್ಯಮಕ್ಕಾಗಿ ಯೋಜಿಸಿ ಕಟ್ಟಿದ್ದು 1788ರಲ್ಲಿ. ಆದ್ದರಿಂದ 1773ರಲ್ಲಿ ಹೊರಟವರು ಬೆನ್ನು ಹಾಕಿದ್ದು ಯಾವ ಪಟ್ಟಣಕ್ಕೂ ಅಲ್ಲ, ದಡದುದ್ದಕ್ಕೂ ಹರಡಿದ್ದ ಕಲ್ಲುಗುಡಿಸಲುಗಳ ಹಳ್ಳಿಗಳಿಗೆ.

ವಿವರಗಳ ಮೂಲದ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು. ಹಡಗಿನೊಳಗಿನ ಬದುಕಿನ ಬಗ್ಗೆ ನಮಗೆ ತಿಳಿದಿರುವ ಹೆಚ್ಚಿನದು, ವಲಸಿಗರ ಮಕ್ಕಳು ಮೊಮ್ಮಕ್ಕಳ ಬಾಯಿಂದ ಸಂಗ್ರಹಿಸಿ 1877ರಲ್ಲಿ ಪ್ರಕಟಿಸಿದ ಪಿಕ್ಟೋ ಜಿಲ್ಲೆಯ ಇತಿಹಾಸದಿಂದ ಬಂದದ್ದು. ಪ್ರಯಾಣಿಕರ ಪಟ್ಟಿಯೂ ನಂತರ ನೆನಪಿನಿಂದ ಸಿದ್ಧವಾದದ್ದೇ. ಹಾಗಾಗಿಯೇ ಒಬ್ಬೊಬ್ಬರು ಒಂದೊಂದು ಸಂಖ್ಯೆ ಕೊಡುತ್ತಾರೆ. ನೂರು ವರ್ಷ ಬಾಯಿಂದ ಬಾಯಿಗೆ ಬಂದ ಮಾತಿನಲ್ಲಿ ಬಣ್ಣ ಸೇರುವುದು ಸಹಜ. ಆದರೆ ಹಸಿವು, ಕಾಯಿಲೆ, ಜಮೀನಿನ ಜಗಳ ಇಂಥವುಗಳನ್ನು ಮನೆತನಗಳು ಸುಲಭವಾಗಿ ಮರೆಯುವುದಿಲ್ಲ. ಬಣ್ಣ ಎಲ್ಲಿ ಸೇರಿದೆ ಎಂಬುದನ್ನು ಒಂದೊಂದು ಘಟನೆಗೂ ಪ್ರತ್ಯೇಕವಾಗಿ ತೂಗಿ ನೋಡಬೇಕು.

ಅಟ್ಲಾಂಟಿಕ್ ಕನ್ನಡತಿ

ನಾನು ನೋವಾ ಸ್ಕೋಷಿಯದ ರಾಜಧಾನಿ ಹ್ಯಾಲಿಫ್ಯಾಕ್ಸ್‌ನಲ್ಲಿ ನೆಲೆಸಿದ್ದೇನೆ. ಪಿಕ್ಟೋದ ದಂಡೆಯಲ್ಲಿ ‘ಹೆಕ್ಟರ್’ ಹಡಗಿನ ಪ್ರತಿಕೃತಿಯೊಂದನ್ನು ಕಟ್ಟಿ 2000ನೇ ಇಸವಿಯ ಸೆಪ್ಟೆಂಬರ್‌ನಲ್ಲಿ ನೀರಿಗಿಳಿಸಿದ್ದಾರೆ. ಇಲ್ಲಿನ ಸ್ಕಾಟಿಷ್ ಮೂಲದವರಿಗೆ ಅದು ಪೂರ್ವಜರ ಗುರುತು, ಅವರ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ಬಣ್ಣ ಸೇರಿದ ಕಡೆ ಎಂದು ಕಡಲಂಚು ಅವರು ಹೇಳಿದ್ದಕ್ಕೆ ಒಂದು ಉದಾಹರಣೆಯನ್ನು ಇಲ್ಲಿಂದಲೇ ಕೊಡಬಲ್ಲೆ. ಹಡಗು ಬಂದರು ಸೇರಿದಾಗ ಯುವಕರು ಕಿಲ್ಟ್ ಎಂಬ ಹೈಲ್ಯಾಂಡಿನ ಉಡುಪು ತೊಟ್ಟು, ಕೆಲವರು ಕತ್ತಿ ಧರಿಸಿ ನಿಂತರೆಂದೂ, ಬ್ಯಾಗ್‌ಪೈಪಿನ ಸದ್ದು ಕೇಳಿ ದಡದಲ್ಲಿದ್ದ ಮೂಲನಿವಾಸಿಗಳಾದ ಮಿಕ್ಮಾಕ್ ಜನ ಹೆದರಿ ಕಾಡಿಗೆ ಓಡಿದರೆಂದೂ ಒಂದು ಕಥೆ ಇದೆ. ಕಿಲ್ಟಿನ ಮಾತು ನಂಬುವಂಥದ್ದೇ, ಏಕೆಂದರೆ ಸ್ಕಾಟ್ಲೆಂಡಿನೊಳಗೆ ಆ ಉಡುಪಿನ ಮೇಲೆ 1746ರ ಕಾಯ್ದೆ ಹೇರಿದ್ದ ನಿಷೇಧ 1782ರವರೆಗೂ ಜಾರಿಯಲ್ಲಿತ್ತು. ಅಟ್ಲಾಂಟಿಕ್ಕಿನ ಈಚೆ ಅದನ್ನು ತೊಡಲು ಯಾವ ಅಡ್ಡಿಯೂ ಇರಲಿಲ್ಲ. ಮಿಕ್ಮಾಕ್ ಜನ ಹೆದರಿ ಓಡಿದ ಮಾತನ್ನು ಮಾತ್ರ ನಾನು ನಂಬಲಾರೆ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಫ್ರೆಂಚರೊಡನೆ ವ್ಯಾಪಾರ ನಡೆಸಿ, ಬ್ರಿಟಿಷರೊಡನೆ ಯುದ್ಧಗಳನ್ನು ಮಾಡಿ, 1760–61ರಲ್ಲಿ ಶಾಂತಿ ಮತ್ತು ಸ್ನೇಹದ ಒಪ್ಪಂದಗಳಿಗೆ ಸಹಿ ಹಾಕಿದ್ದ ಜನಾಂಗ ಅದು. ಅವರನ್ನು ಒಂದು ವಾದ್ಯದ ಸದ್ದಿಗೆ ಬೆಚ್ಚುವ ಮುಗ್ಧರನ್ನಾಗಿ ಚಿತ್ರಿಸುವುದರಿಂದ, ನೆಲ ಯಾರದು ಎಂಬ ಪ್ರಶ್ನೆಯೇ ಏಳದಂತಾಗುತ್ತದೆ.

ಕರಾರಿನ ಮಾತು ಬಂದದ್ದರಿಂದ ಇದನ್ನು ಹೇಳಲೇಬೇಕು. ಆ ಶಾಂತಿ ಒಪ್ಪಂದಗಳಲ್ಲಿ ಮಿಕ್ಮಾಕ್ ಜನ ನೆಲವನ್ನು ಬಿಟ್ಟುಕೊಟ್ಟಿರಲಿಲ್ಲ. 1762ರಲ್ಲಿ ನೋವಾ ಸ್ಕೋಷಿಯದ ಆಡಳಿತ ನಡೆಸುತ್ತಿದ್ದ ಜೊನಾಥನ್ ಬೆಲ್ಚರ್, ಮಸ್ಕೊಡೊಬಾಯಿಟ್‌ನಿಂದ ಕ್ಯಾನ್ಸೋವರೆಗೆ, ಅಲ್ಲಿಂದ ಉತ್ತರ ತೀರದುದ್ದಕ್ಕೂ ಶಲೂರ್ ಕೊಲ್ಲಿಯವರೆಗೆ ಕರಾವಳಿಯನ್ನು ಅವರ ಬೇಟೆಗೂ ಮೀನುಗಾರಿಕೆಗೂ ಕಾಯ್ದಿರಿಸಿ ಘೋಷಣೆ ಹೊರಡಿಸಿದ್ದ. ಪಿಕ್ಟೋ ಇರುವುದು ಆ ತೀರದ ಮೇಲೆಯೇ. ಲಂಡನ್ನಿನ ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ, ಘೋಷಣೆ ಕಾರ್ಯರೂಪಕ್ಕೆ ಬರಲಿಲ್ಲ. ಕೇವಲ ಮೂರು ವರ್ಷದ ಬಳಿಕ ಅದೇ ತೀರವನ್ನು ಫಿಲಡೆಲ್ಫಿಯ ಕಂಪನಿಗೂ ಇತರರಿಗೂ ಹಂಚಿಬಿಟ್ಟರು. ಹೈಲ್ಯಾಂಡಿನ ಗೇಣಿದಾರರಿಗೆ ಕೊಟ್ಟ ಮಾತು ಮುರಿಯುವ ಮೊದಲೇ ಈ ನೆಲದಲ್ಲಿ ಒಂದು ಮಾತು ಮುರಿದಿತ್ತು.

ಕಡಲಂಚು

ಬೆಲ್ಚರನ ಘೋಷಣೆಯ ಈ ವಿವರ ಚರ್ಚೆಯ ಬುಡಕ್ಕೇ ಹೋಗಿದೆ. ನಿಮಗೆ ನಾನು ಋಣಿ. ಮುರಿದ ಮಾತುಗಳನ್ನು ಕಾಲಕ್ರಮದಲ್ಲಿ ಜೋಡಿಸಿದರೆ ಇಡೀ ವ್ಯವಹಾರದ ಸ್ವರೂಪ ಸ್ಪಷ್ಟವಾಗುತ್ತದೆ.

ಈಗ ದಡದ ಘಟನೆಗೆ ಬರೋಣ. ಸೆಪ್ಟೆಂಬರ್ 15 ಎಂದರೆ ಬಿತ್ತನೆಯ ಕಾಲ ಎಂದೋ ಮುಗಿದಿದೆ, ಎರಡು ತಿಂಗಳಲ್ಲಿ ಹಿಮ ಬೀಳುತ್ತದೆ. ನೀರಿನ ಅಂಚಿನವರೆಗೂ ದಟ್ಟ ಕಾಡು. ಬಂದವರಿಗಾಗಿ ಮನೆಗಳಾಗಲಿ, ಸಾಗುವಳಿಗೆ ಹದವಾದ ಹೊಲಗಳಾಗಲಿ ಕಾದಿರಲಿಲ್ಲ. ಮರವೇ ಅಪರೂಪವಾದ ಕರಾವಳಿಯಿಂದ ಬಂದ ಈ ಜನರಲ್ಲಿ ಹೆಚ್ಚಿನವರು ಕೊಡಲಿ ಹಿಡಿದು ದೊಡ್ಡ ಮರ ಕಡಿದವರಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು ಜಮೀನಿನ ಜಾಗ. ಕಂಪನಿ ಅವರಿಗೆ ತೋರಿಸಿದ ಜಮೀನುಗಳು ದಡದಿಂದ ಎರಡು ಮೂರು ಮೈಲಿ ಒಳಗೆ, ಕಾಡಿನ ನಡುವೆ ಇದ್ದವು. ಬಂದರಿನ ಅಂಚಿನ ನೆಲವು ಅಲೆಕ್ಸಾಂಡರ್ ಮೆಕ್‌ನಟ್ ಎಂಬ ಇನ್ನೊಬ್ಬ ಭೂವ್ಯಾಪಾರಿಯ ದಾನಪತ್ರಕ್ಕೆ ಸೇರಿಹೋಗಿತ್ತು.

ಇದರ ಅರ್ಥವನ್ನು ಕರಾವಳಿಯವರು ಬೇಗ ಗ್ರಹಿಸುತ್ತಾರೆ. ರಸ್ತೆಯೇ ಇಲ್ಲದ ನಾಡಿನಲ್ಲಿ ನೀರೇ ರಸ್ತೆ. ದಡದಲ್ಲಿದ್ದವನಿಗೆ ಮೀನು ಸಿಗುತ್ತದೆ, ಚಿಪ್ಪು ಸಿಗುತ್ತದೆ, ದೋಣಿಯಲ್ಲಿ ನೆರೆಯವರನ್ನು ತಲುಪಬಹುದು, ಕಡಿದ ದಿಮ್ಮಿಯನ್ನು ತೇಲಿಸಿ ಹಡಗಿಗೆ ಮುಟ್ಟಿಸಬಹುದು. ಒಳಗಾಡಿನಲ್ಲಿ ಸಿಕ್ಕಿಕೊಂಡವನಿಗೆ ಇದಾವುದೂ ಇಲ್ಲ. ಕಂಪನಿಯ ಪಾಲುದಾರರಿಗೆ ಗ್ರೀನಕ್‌ನಲ್ಲೋ ಫಿಲಡೆಲ್ಫಿಯದಲ್ಲೋ ಕುಳಿತು ನಕ್ಷೆಯ ಮೇಲೆ ಎಕರೆಗಳು ಕಂಡವು. ಹತ್ತು ವಾರ ಹಡಗಿನಲ್ಲಿ ನರಳಿ ಬಂದವರಿಗೆ ಮೊದಲ ದಿನವೇ ದಡ ತಮ್ಮದಲ್ಲವೆಂಬುದು ಕಂಡಿತು. ಅವರು ಆ ಜಮೀನುಗಳಿಗೆ ಹೋಗಲು ಒಪ್ಪಲಿಲ್ಲ.

ಜಮೀನಿಗೆ ಹೋಗದವರಿಗೆ ದವಸ ಕೊಡುವುದಿಲ್ಲ ಎಂದು ಕಂಪನಿಯ ಸ್ಥಳೀಯ ಪ್ರತಿನಿಧಿಗಳು ಹಟ ಹಿಡಿದರು. ದವಸ ಬಂದು ಉಗ್ರಾಣದಲ್ಲಿತ್ತು, ಹಸಿದ ಮಕ್ಕಳು ಹೊರಗಿದ್ದರು. ಆಗ ಹೈಲ್ಯಾಂಡಿನವರು ಪ್ರತಿನಿಧಿಗಳನ್ನು ಹಿಡಿದು ಕಟ್ಟಿಹಾಕಿ, ಉಗ್ರಾಣ ತೆರೆದು, ತಮಗೆ ಬೇಕಾದಷ್ಟನ್ನು ತೆಗೆದುಕೊಂಡರು. ತೆಗೆದುಕೊಂಡದ್ದನ್ನು ಅಳೆದರು, ಯಾರು ಎಷ್ಟು ಒಯ್ದರೆಂದು ಲೆಕ್ಕ ಬರೆದು ಇಟ್ಟು ಹೋದರು. ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಮುಖ್ಯವೆನಿಸುವ ಕೆಲಸ ಇದೇ. ಲೂಟಿ ಮಾಡುವವನು ಅಳೆಯುವುದಿಲ್ಲ. ಕರಾರಿನಂತೆ ತನಗೆ ಬರಬೇಕಾದದ್ದನ್ನು ವಸೂಲು ಮಾಡುವವನು ಅಳೆಯುತ್ತಾನೆ.

ಹಳೆಯ ಕಡತ

ಅಳೆದು ಲೆಕ್ಕವಿಟ್ಟ ಸಂಗತಿ ಮನಸ್ಸಿಗೆ ತಟ್ಟಿತು. ಆದರೂ ಪ್ರತಿನಿಧಿಗಳನ್ನು ಕಟ್ಟಿಹಾಕಿದ್ದು ಬಲಪ್ರಯೋಗವೇ ತಾನೇ? ವಸಾಹತಿನ ಅಧಿಕಾರಿಗಳು ಇದನ್ನು ದಂಗೆ ಎಂದು ಪರಿಗಣಿಸಲಿಲ್ಲವೇ? 1745ರ ಬಂಡಾಯ ನಡೆದು ಇನ್ನೂ 30 ವರ್ಷ ತುಂಬಿರದ ಕಾಲದಲ್ಲಿ, ಕತ್ತಿ ಧರಿಸಿದ ಹೈಲ್ಯಾಂಡಿನವರು ಉಗ್ರಾಣ ಒಡೆದರೆಂಬ ಸುದ್ದಿಯನ್ನು ಯಾವ ಸರ್ಕಾರವೂ ಹಗುರವಾಗಿ ತೆಗೆದುಕೊಳ್ಳಲಾರದು.

ಕಡಲಂಚು

ಹಗುರವಾಗಿ ತೆಗೆದುಕೊಳ್ಳಲಿಲ್ಲ. ಪಿಕ್ಟೋಗೆ ಸುಮಾರು 40 ಮೈಲಿ ದೂರದ ಟ್ರೂರೋ ಎಂಬ ಊರಿನ ನಾಗರಿಕ ಪಡೆಗೆ, ಹೋಗಿ ಇವರನ್ನು ಅಡಗಿಸುವಂತೆ ಆಜ್ಞೆ ಬಂತು. ಪಡೆಯ ನಾಯಕ ಆರ್ಚಿಬಾಲ್ಡ್ ಅದಕ್ಕೆ ಒಪ್ಪಲಿಲ್ಲ. ಈ ಜನರನ್ನು ನ್ಯಾಯವಾಗಿ ನಡೆಸಿಕೊಂಡರೆ ಯಾವ ತೊಂದರೆಯೂ ಆಗದು ಎಂಬುದು ಅವನ ನಿಲುವಾಗಿತ್ತೆಂದು ಹೇಳಿಕೆ. ಕೊನೆಗೆ ದವಸ ಕೊಡಬೇಕೆಂದೇ ಹ್ಯಾಲಿಫ್ಯಾಕ್ಸ್‌ನಿಂದ ಅಪ್ಪಣೆಯಾಯಿತು. ಕೈಯಲ್ಲಿ ಆಯುಧವಿದ್ದ ಒಬ್ಬ ಸ್ಥಳೀಯ ವ್ಯಕ್ತಿ ಅದನ್ನು ಬಳಸಲು ನಿರಾಕರಿಸಿದ್ದರಿಂದ ರಕ್ತಪಾತ ತಪ್ಪಿತು. ಬಲಪ್ರಯೋಗ ನಡೆಯಿತೆಂಬುದು ನಿಜ ಮೇಡಂ, ಆದರೆ ಚಳಿಗಾಲದ ಬಾಗಿಲಲ್ಲಿ ದವಸಕ್ಕೆ ಬೀಗ ಹಾಕಿ ಜನರನ್ನು ಕಾಡಿಗೆ ಅಟ್ಟಲು ನೋಡಿದ್ದೂ ಬಲಪ್ರಯೋಗವೇ. ಮೊದಲು ಕೈಮಾಡಿದವರು ಯಾರು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಪಟ್ಟಣದ ಹೊಳೆ

ನಾನು ಶ್ರೀರಂಗಪಟ್ಟಣದವನು. ಲಾಖ್ ಬ್ರೂಮ್ ಎಂಬ ಹೆಸರು ನೋಡಿದಾಗ ನಮ್ಮೂರಿನ ಚರಿತ್ರೆಗೂ ಅದಕ್ಕೂ ಇರುವ ಒಂದು ಕೊಂಡಿ ನೆನಪಾಯಿತು. ಲಾಖ್ ಬ್ರೂಮ್‌ನ ಉತ್ತರ ದಡದ ಕೋಯ್‌ಗಾಖ್ ಸೀಮೆ ಕ್ರೋಮಾರ್ಟಿಯ ಅರ್ಲ್ ಮನೆತನದ ಜಹಗೀರಿಗೆ ಸೇರಿತ್ತು. 1745ರ ಬಂಡಾಯದಲ್ಲಿ ಭಾಗವಹಿಸಿದ್ದಕ್ಕಾಗಿ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತ್ತು, ‘ಹೆಕ್ಟರ್’ ಹೊರಟಾಗಲೂ ಅದು ಸರ್ಕಾರ ನೇಮಿಸಿದ ಮಂಡಳಿಯ ಕೈಯಲ್ಲಿತ್ತು. ಆ ಅರ್ಲ್‌ನ ಮಗ ಲಾರ್ಡ್ ಮೆಕ್ಲೌಡ್, ದೊರೆಯ ವಿಶ್ವಾಸವನ್ನು ಮರಳಿ ಗಳಿಸಲು 1777ರಲ್ಲಿ ಹೈಲ್ಯಾಂಡಿನವರ ಒಂದು ರೆಜಿಮೆಂಟ್ ಕಟ್ಟಿದ. ಅದು 1780ರ ಜನವರಿಯಲ್ಲಿ ಮದರಾಸಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಲಿಯ ಪಡೆಯನ್ನು ಸದೆಬಡಿದಾಗ, ಆ ರೆಜಿಮೆಂಟಿನ ಎರಡು ತುಕಡಿಗಳೂ ಅದರಲ್ಲಿದ್ದವು. ಸೆರೆಸಿಕ್ಕವರನ್ನು ಶ್ರೀರಂಗಪಟ್ಟಣದಲ್ಲಿಟ್ಟರು. ಬೇಲಿ ಇಲ್ಲಿಯೇ 1782ರಲ್ಲಿ ತೀರಿಕೊಂಡ. ಅದೇ ರೆಜಿಮೆಂಟಿನ ಕ್ಯಾಪ್ಟನ್ ಡೇವಿಡ್ ಬೇರ್ಡ್ 1784ರ ಮಂಗಳೂರು ಒಪ್ಪಂದದವರೆಗೆ ಸೆರೆಯಲ್ಲಿದ್ದು, 1799ರಲ್ಲಿ ಕೋಟೆಗೆ ಲಗ್ಗೆ ಹಾಕಿದ ಪಡೆಯನ್ನು ಮುನ್ನಡೆಸಿದ. ಲಾರ್ಡ್ ಮೆಕ್ಲೌಡ್‌ಗೆ ಕಳೆದುಹೋಗಿದ್ದ ಜಹಗೀರು 1784ರಲ್ಲಿ ಹಿಂದಿರುಗಿತು.

ಒಡೆಯನ ಜಹಗೀರು ಬಿಡಿಸಿಕೊಳ್ಳುವ ಈ ವ್ಯವಹಾರದ ಬೆಲೆಯನ್ನು ನಮ್ಮೂರಿನ ಸೆರೆಮನೆಯಲ್ಲಿ ತೆತ್ತವರಲ್ಲಿ ಆ ಸೀಮೆಯ ಬಡ ಯುವಕರೂ ಇದ್ದರು. ಪಿಕ್ಟೋಗೆ ಹೋದವರಿಗೆ ಉಳಿದಿದ್ದ ಇನ್ನೊಂದು ದಾರಿ ಯಾವುದು ಎಂದು ಕೇಳಿದರೆ, ಸೇನೆ ಎಂಬುದೇ ಉತ್ತರ. ಅದರಲ್ಲಿಯೂ ಹಡಗಿನ ಗೋಳು ತಪ್ಪಿದ್ದಲ್ಲ: ಅದೇ ಸೀಮೆಯ ಸೀಫೋರ್ತ್ ಅರ್ಲ್ ಕಟ್ಟಿದ ರೆಜಿಮೆಂಟ್ 1781ರಲ್ಲಿ ಭಾರತಕ್ಕೆ ಹೊರಟು 1782ರಲ್ಲಿ ಮದರಾಸು ತಲುಪುವಷ್ಟರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಕಡಲಿನಲ್ಲೇ ಸತ್ತಿದ್ದರು, ಹೆಚ್ಚಿನವರು ತಾಜಾ ಹಣ್ಣು ತರಕಾರಿ ಇಲ್ಲದೆ ಬರುವ ಸ್ಕರ್ವಿ ರೋಗದಿಂದ.

ಮಂಗಳೂರು ನಾವಿಕ

ಈ ಹೋಲಿಕೆ ಬಹಳ ಸೂಕ್ತವಾಗಿದೆ. ಇಂಥ ಸಾವುಗಳನ್ನು ತಡೆಯಲು ಕಾನೂನು ಬಂದದ್ದು 1803ರಲ್ಲಿ. ಹಡಗಿನ ಎರಡು ಟನ್ನಿಗೆ ಒಬ್ಬ ಪ್ರಯಾಣಿಕ ಎಂಬ ಮಿತಿಯನ್ನೂ, ಆಹಾರ ನೀರಿನ ಕನಿಷ್ಠ ಪ್ರಮಾಣವನ್ನೂ ಆ ವರ್ಷದ ಕಾಯ್ದೆ ನಿಗದಿ ಮಾಡಿತು. ಆ ಲೆಕ್ಕದಲ್ಲಿ 200 ಟನ್ನಿನ ‘ಹೆಕ್ಟರ್’ 100 ಜನರನ್ನಷ್ಟೇ ಒಯ್ಯಬಹುದಿತ್ತು.

ಕಡಲಂಚು

ಕಾಯ್ದೆಯ ಹಿಂದಿನ ಒತ್ತಾಯ ಯಾರದೆಂಬುದನ್ನೂ ಜೊತೆಗೆ ಹೇಳಬೇಕು. ಅದಕ್ಕಾಗಿ ಬಲವಾಗಿ ವಾದಿಸಿದವರಲ್ಲಿ ಹೈಲ್ಯಾಂಡಿನ ಜಮೀನುದಾರರು ಮುಂದಿದ್ದರು. ಆ ಹೊತ್ತಿಗೆ ಅವರ ಕಡಲದಂಡೆಗಳಲ್ಲಿ ಕೆಲ್ಪ್ ಎಂಬ ಕಡಲಪಾಚಿಯನ್ನು ಸುಟ್ಟು ಗಾಜು ಮತ್ತು ಸಾಬೂನಿನ ತಯಾರಿಕೆಗೆ ಬೇಕಾದ ಕ್ಷಾರ ತೆಗೆಯುವ ಉದ್ಯಮ ಲಾಭದ ತುದಿಯಲ್ಲಿತ್ತು, ಅದಕ್ಕೆ ಅಗ್ಗದ ಕೂಲಿಗಳು ಬೇಕಾಗಿದ್ದರು. ಜನ ಬೇಡವಾದಾಗ ಗೇಣಿ ಏರಿಸಿದವರೇ, ಜನ ಬೇಕಾದಾಗ ಹಡಗಿನ ದರ ಏರುವಂಥ ಕಾನೂನು ಬಯಸಿದರು. ಕಾಯ್ದೆಯಿಂದ ಪ್ರಯಾಣಿಕರ ಜೀವ ಉಳಿದಿದ್ದರೆ ಅದು ಒಳ್ಳೆಯದೇ. ಆದರೆ ಅದರ ಒಡನೆಯೇ ಬಡವರಿಗೆ ಪ್ರಯಾಣ ಕೈಗೆಟುಕದಂತಾಯಿತು.

ಹೊಸ ಓದುಗ

ದವಸ ಸಿಕ್ಕ ಮೇಲೆ ಅವರ ಗತಿ ಏನಾಯಿತು? ಎಲ್ಲರೂ ಪಿಕ್ಟೋದಲ್ಲೇ ಉಳಿದರೇ? ಕೊನೆಗೆ ಜಮೀನು ಸಿಕ್ಕಿತೇ?

ಅಟ್ಲಾಂಟಿಕ್ ಕನ್ನಡತಿ

ಮೊದಲ ಚಳಿಗಾಲದಲ್ಲೇ ಹೆಚ್ಚಿನವರು ಪಿಕ್ಟೋ ಬಿಟ್ಟು ಟ್ರೂರೋ, ಆನ್ಸ್‌ಲೋ, ಲಂಡನ್‌ಡೆರಿ ಮುಂತಾದ ಹಳೆಯ ನೆಲೆಗಳಿಗೆ ಕೂಲಿಗಾಗಿ ಹೋದರು. ಎಷ್ಟೋ ಕುಟುಂಬಗಳು ಮಕ್ಕಳನ್ನು ಅಲ್ಲಿನ ಮನೆಗಳಲ್ಲಿ ಕೆಲಸಕ್ಕೆ ಬಿಡಬೇಕಾಯಿತು. ಉಳಿದವರು ಹಿಮದ ಮೇಲೆ ಕಾಡಿನ ಹಾದಿಯಲ್ಲಿ ಟ್ರೂರೋವರೆಗೆ ನಡೆದು, ಅಲ್ಲಿ ದುಡಿದು ಪಡೆದ ಹಿಟ್ಟು ಮತ್ತು ಆಲೂಗಡ್ಡೆಯನ್ನು ಜಾರುಬಂಡಿಯಲ್ಲಿ ಕೈಯಿಂದ ಎಳೆದು ತರುತ್ತಿದ್ದರು. ಹಿಮದ ಮೇಲೆ ನಡೆಯುವ ಜಾಲಪಾದುಕೆಯ ಬಳಕೆಯನ್ನೂ ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಯನ್ನೂ ಅವರಿಗೆ ಕಲಿಸಿದವರು ಮಿಕ್ಮಾಕ್ ಜನ. ಹೆದರಿ ಓಡಿದರೆಂಬ ಕಥೆಯ ಪಕ್ಕದಲ್ಲಿ ಈ ಮಾತನ್ನೂ ಅದೇ ವಲಸಿಗರ ನೆನಪುಗಳೇ ಉಳಿಸಿಕೊಟ್ಟಿವೆ ಎಂಬುದನ್ನು ಸೇರಿಸುತ್ತೇನೆ.

ಕಡಲಂಚು

ಜಮೀನಿನ ಪ್ರಶ್ನೆಗೆ ಉತ್ತರಿಸುತ್ತೇನೆ. ಕಂಪನಿ ತೋರಿಸಿದ ಒಳಗಾಡಿನ ಜಮೀನುಗಳಿಗೆ ಅವರು ಹೋಗಲೇ ಇಲ್ಲ ಎನ್ನಬಹುದು. ಮರುವರ್ಷದಿಂದ ಒಬ್ಬೊಬ್ಬರಾಗಿ ಮರಳಿ ಬಂದು, ಬಂದರಿಗೆ ಸೇರುವ ಪೂರ್ವ, ಮಧ್ಯ, ಪಶ್ಚಿಮ ಎಂಬ ಮೂರು ನದಿಗಳ ದಡದಲ್ಲಿ, ಯಾವ ಪತ್ರವೂ ಇಲ್ಲದೆಯೇ, ನೀರಿಗೆ ಹತ್ತಿರವಾಗುವಂತೆ ಕಾಡು ಕಡಿದು ಆಲೂಗಡ್ಡೆ ನೆಟ್ಟರು. ಮರ ಕಡಿಯಲು ಬಾರದೆ ಬಂದವರೇ ಕೆಲವೇ ವರ್ಷಗಳಲ್ಲಿ ಬ್ರಿಟನ್ನಿಗೆ ದಿಮ್ಮಿ ಕಳುಹಿಸುವವರಾದರು. 1775ರಲ್ಲಿ ಅಮೆರಿಕದ ಯುದ್ಧ ಶುರುವಾಗಿ ವಲಸೆ ನಿಂತುಹೋಯಿತು, ಫಿಲಡೆಲ್ಫಿಯ ಕಂಪನಿಯ ಯೋಜನೆಯೂ ಅಲ್ಲಿಗೇ ಕುಸಿಯಿತು. ಹಡಗು ಬಂದು ಹತ್ತು ವರ್ಷವಾದ ಮೇಲೆ, 1783ರಲ್ಲಿ, ಈ ನದೀದಡದ ನಿವಾಸಿಗಳಲ್ಲಿ ಹಲವರಿಗೆ ಸರ್ಕಾರದಿಂದಲೇ ನೇರವಾಗಿ ಹಕ್ಕುಪತ್ರ ದೊರೆಯಿತು. ಜಾನ್ ರಾಸ್ ಹೇಳಿದ್ದ ಮೂರು ಮಾತುಗಳಲ್ಲಿ ಪ್ರಯಾಣವೊಂದನ್ನು ಕಂಪನಿ ನಡೆಸಿಕೊಟ್ಟಿತು; ದವಸವನ್ನು ಅವರು ಉಗ್ರಾಣ ತೆರೆದು ಪಡೆದರು; ಜಮೀನನ್ನು ಮೊದಲು ಉತ್ತು, ಆಮೇಲೆ ಪತ್ರ ಮಾಡಿಸಿಕೊಂಡರು. ಆ ಪತ್ರಗಳನ್ನು ಕೊಡುವಾಗಲೂ ಸರ್ಕಾರ ಮಿಕ್ಮಾಕ್ ಜನರ ಒಪ್ಪಿಗೆಯನ್ನು ಕೇಳಿರಲಿಲ್ಲ.